ಅವ್ವ, ತಾರಾ ಚಿಗವ್ವ ಮತ್ತು ಸ್ಟೇಷನ್ ರಸ್ತೆಯ ಖಾನಾವಳಿ

ಮೊನ್ನೆ ಪಕ್ಕದ ಮನೆಯಲ್ಲಿ ಯಾರೋ ಅಗಸಿ ಹುರಿಯುತ್ತಿದ್ದರು. ನಾನು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಮೊದಲು ಹಸಿ ಎಣ್ಣೆಯ ಜಿಡ್ಡಿನಂಥ ಒಂದು ವಾಸನೆ, ಆಮೇಲೆ ಕಾಳು ಚಟಪಟ ಸಿಡಿಯತೊಡಗಿದಂತೆ ಅದೇ ವಾಸನೆ ಘಮವಾಗಿ ತಿರುಗುತ್ತದಲ್ಲ, ಆ ಹೊತ್ತಿಗೆ ನನ್ನ ಕೈ ತಾನಾಗಿ ನಿಂತಿತು. ಇನ್ನು ಒಣಮೆಣಸಿನಕಾಯಿ ಬೀಳಬೇಕು, ಬೆಳ್ಳುಳ್ಳಿ ಬೀಳಬೇಕು, ಒರಳಿನಲ್ಲಿ ಕುಟ್ಟುವ ಸದ್ದು ಬರಬೇಕು ಎಂದು ಕಿವಿ ಕಾಯುತ್ತಲೇ ಇತ್ತು. ಬಂದದ್ದು ಮಿಕ್ಸರಿನ ಸದ್ದು. ಆದರೂ ಅಷ್ಟರಲ್ಲಿ ನಾನು ಎಪ್ಪತ್ತು ದಾಟಿದ ನಿವೃತ್ತ ಅಧ್ಯಾಪಕಿಯಾಗಿ ಉಳಿದಿರಲಿಲ್ಲ. ಬಿಜಾಪುರದ ಸ್ಟೇಷನ್ ರಸ್ತೆಯ ಒಂದು ಹಳೆಯ ಮನೆಯ ಹೊಸ್ತಿಲ ಮೇಲೆ ಪಾಟಿಚೀಲ ಇಟ್ಟುಕೊಂಡು, ಒಳಗೆ ಅಗಸಿ ಹಿಂಡಿ ಕುಟ್ಟುತ್ತಿದ್ದ ಇಬ್ಬರು ಹೆಂಗಸರ ನಗೆಯನ್ನು ಕೇಳುತ್ತ ಕುಳಿತ ಹುಡುಗಿಯಾಗಿದ್ದೆ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು. ಇವತ್ತು ಹೋಗಿ ನೋಡಿದರೆ ಗೋಡೆಯ ಗುರುತೂ ಇಲ್ಲದ, ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವ ಮನೆ.

ನಮ್ಮದು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮನೆ. ನಮ್ಮ ಓಣಿಯ ಹಲವು ಮನೆಗಳಂತೆ ಅದರ ಕಲ್ಲುಗಳೂ ಯಾವ ಕಾಲದ ಯಾವ ಹಾಳು ಕಟ್ಟಡದಿಂದ ಬಂದವೋ, ಒಂದೊಂದರ ಮೇಲೆ ಹೂವಿನ ಅರ್ಧ ಕೆತ್ತನೆ ಇತ್ತು, ಅದು ತಲೆಕೆಳಗಾಗಿತ್ತು. ಮಾಳಿಗೆ ಹತ್ತಿದರೆ ಗೋಳಗುಮ್ಮಟ ಎದುರಿಗೇ. ಅದು ನಮಗೆ ಅಚ್ಚರಿಯಾಗಿರಲಿಲ್ಲ, ನೆರಳು ಎಲ್ಲಿದೆಯೆಂದು ನೋಡಿ ಹೊತ್ತು ಹೇಳುವುದಕ್ಕೆ ಇತ್ತು. ಬೀದಿಗೆ ತೆರೆದ ಉದ್ದನೆಯ ಪಡಸಾಲೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ, ಆಮೇಲೆ ಒಂದು ಬೇವಿನ ಮರವಿದ್ದ ಅಂಗಳ. ಅಪ್ಪ ರೈತರ ಹತ್ತಿ ಮಾರಿಸಿಕೊಡುವ ಅಡತಿಯ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತರಲ್ಲಿ, ನಾನಿನ್ನೂ ಶಾಲೆಯ ಒಂದನೆಯ ಇಯತ್ತೆಯಲ್ಲಿದ್ದಾಗ, ವಿಷಮಜ್ವರ ಬಂದು ತೀರಿಹೋದರು. ಅವರ ಮುಖ ನನಗೆ ನೆನಪಿಲ್ಲ. ಕೋಟಿಗೆ ಅಂಟಿಕೊಂಡಿರುತ್ತಿದ್ದ ಅರಳೆಯ ಎಳೆಗಳು ನೆನಪಿವೆ.

ಆಗ ಅವ್ವನಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಅವಳ ಹೆಸರು ನೀಲವ್ವ, ತವರು ಬಬಲೇಶ್ವರ. ಸೂತಕದ ದಿನಗಳು ಮುಗಿದ ಮೇಲೆ ಅವಳ ಅಣ್ಣ, ನನ್ನ ಕಲ್ಲಪ್ಪ ಮಾಮಾ, ಎತ್ತಿನ ಗಾಡಿ ಹೂಡಿಕೊಂಡು ಬಂದರು. ಸಾಮಾನು ಹೇರಿಕೊಂಡು ನಮ್ಮನ್ನು ಊರಿಗೆ ಕರೆದೊಯ್ಯುವುದು ಅವರ ವಿಚಾರ. ಒಕ್ಕಲುತನದ ಮನೆ, ಉಣ್ಣಲಿಕ್ಕೆ ಕೊರತೆ ಇರಲಿಲ್ಲ. ಅವ್ವ ಗಾಡಿಗೆ ಒಂದು ಕೊಡವನ್ನೂ ಹತ್ತಿಸಲಿಲ್ಲ. ಮಗಳ ಸಾಲಿ ಇಲ್ಲಿದೆ, ನಾನು ಇಲ್ಲೇ ಇರುತ್ತೇನೆ ಎಂದಳು. ಅವಳನ್ನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಆ ಸಿಟ್ಟು ಅವಳಲ್ಲಿ ಬೂದಿಯೊಳಗಿನ ಕೆಂಡದ ಹಾಗೆ ಇದ್ದೇ ಇತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮಾಮಾ ಬರಿ ಗಾಡಿ ಹೊಡೆದುಕೊಂಡು ಹೋದರು. ಆ ವಾರವೇ ಅವ್ವ ಪಡಸಾಲೆ ಸಾರಿಸಿ, ಸಾಲಾಗಿ ಚಾಪೆ ಹಾಸಿ, ಖಾನಾವಳಿ ತೆರೆದಳು. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಸೊಪ್ಪಿನ ಪಲ್ಯ, ಹಿಂಡಿ, ಮೊಸರು, ಒಡೆದ ಉಳ್ಳಾಗಡ್ಡಿ. ಕಾಖಂಡಕಿ, ಮಮದಾಪುರದಿಂದ ಕಾಲೇಜು ಕಲಿಯಲು ಬಂದ ಹುಡುಗರು, ಕೋರ್ಟಿನ ಕೆಲಸಕ್ಕೆ ಬಂದ ರೈತರು, ಸ್ಟೇಷನ್ನಿನ ಮಂದಿ ಬರತೊಡಗಿದರು. ಅವ್ವನ ಪಲ್ಯದ ಕೈ ಚಲೋ ಇತ್ತು. ರೊಟ್ಟಿಯದೇ ತೊಂದರೆ. ಒಬ್ಬಳೇ ಎರಡೂ ಒಲೆ ನೋಡಿಕೊಳ್ಳುವಾಗ ರೊಟ್ಟಿ ದಪ್ಪವಾಗುತ್ತಿತ್ತು, ಒಂದೊಂದು ಕರಿಯೂ ಆಗುತ್ತಿತ್ತು. ಹುಡುಗರು ಮರ್ಯಾದೆಗೆ ಸುಮ್ಮನಿರುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ತಾರಾ ಬಂದಳು. ಕೈಯಲ್ಲಿ ಒಂದು ತಗಡಿನ ಟ್ರಂಕು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಎತ್ತರದ ಆಳು. ಬಾಗಿಲ ಹೊರಗೆ ನಿಂತು ಅವ್ವನನ್ನು ಹೆಸರು ಹಿಡಿದು ಕರೆದಳು. ಅವ್ವನನ್ನು ಹೆಸರಿಂದ ಕರೆಯುವ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು.

"ನೀಲಾ, ನಾ ಒಳಗ ಬರ್ಲೋ ಬ್ಯಾಡೋ, ಮೊದ್ಲ ಹೇಳು."

ಅವ್ವನ ಕೈ ಮೊಣಕೈ ತನಕ ಹಿಟ್ಟಾಗಿತ್ತು. ಎದ್ದು ಹೋಗಿ, ಆ ಹಿಟ್ಟಿನ ಕೈಯಿಂದಲೇ ಟ್ರಂಕು ಎತ್ತಿಕೊಂಡು, ಪಡಸಾಲೆ ದಾಟಿ, ನೆಟ್ಟಗೆ ಅಡುಗೆಮನೆಯಲ್ಲಿ ದೇವರ ಜಗಲಿಯ ಪಕ್ಕಕ್ಕೆ ಇಟ್ಟಳು. ಆಮೇಲೆ ಹಿಂದಿರುಗಿ ನೋಡಿ, "ಕೈ ತೊಳಕೋ. ಹಿಟ್ಟು ಒಣಗಾಕತ್ತದ" ಅಂದಳು.

ಅವರಿಬ್ಬರ ಹಿಂದಿನ ಕತೆಯನ್ನು ನಾನು ತುಣುಕು ತುಣುಕಾಗಿ, ರೊಟ್ಟಿ ಬಡಿಯುವ ಸದ್ದಿನ ನಡುವೆ ಕೇಳಿ ಕೂಡಿಸಿಕೊಂಡೆ. ತಾರಾ ಹುಟ್ಟಿದ್ದು ಟಿಕೋಟಾದಲ್ಲಾದರೂ ಬೆಳೆದದ್ದು ಬಬಲೇಶ್ವರದ ಅಜ್ಜಿಯ ಮನೆಯಲ್ಲಿ, ಊರ ಹೊರಗಿನ ಕೇರಿಯಲ್ಲಿ. ಶಾಲೆಯಲ್ಲಿ ಅವಳನ್ನು ಬಾಗಿಲ ಹತ್ತಿರ, ಎಲ್ಲರಿಂದ ದೂರ ಕೂರಿಸುತ್ತಿದ್ದರಂತೆ. ಒಂದು ದಿನ ಅವ್ವ ತನ್ನ ಪಾಟಿ ಎತ್ತಿಕೊಂಡು ಹೋಗಿ ಅಲ್ಲೇ ಕುಳಿತಳು. ಮಾಸ್ತರರು ಗದರಿಸಿದಾಗ, ಬಾಗಿಲ ಕಡೆ ಗಾಳಿ ಚಲೋ ಬರ್ತದರಿ ಎಂದಳಂತೆ. ದಿನವೂ ಅದೇ ಉತ್ತರ. ಕೊನೆಗೆ ಮಾಸ್ತರರೇ ದಣಿದು ಬಿಟ್ಟರು. ಅವ್ವನ ಮದುವೆಯಾಗಿ ಶಾಲೆ ತಪ್ಪಿತು. ತಾರಾಳ ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿ ದುಡಿದವರು, ಅಲ್ಲಿನ ಸಭೆಗಳಲ್ಲಿ ಕೂತು ಎದ್ದವರು. ಮಗಳನ್ನು ಹಟ ಹಿಡಿದು ಮುಲ್ಕಿ ಪರೀಕ್ಷೆ, ಅಂದರೆ ಏಳನೆಯ ಇಯತ್ತೆಯ ತನಕ ಓದಿಸಿದರು. ಮನೆಮಂದಿಯೆಲ್ಲ ನಾಗಪುರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬೌದ್ಧರಾಗಿ ಬಂದಿದ್ದರು. ತಾರಾಳಿಗೂ ಮದುವೆಯಾಗಿತ್ತು. ಗಂಡ ಮುಂಬಯಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವಳು ಅಳುತ್ತ ಕೂರಲಿಲ್ಲ. ಬಿಜಾಪುರದಲ್ಲಿ ಶಿಕ್ಷಕಿಯರ ಟ್ರೇನಿಂಗಿಗೆ ಹೆಸರು ಹಚ್ಚಿ ಬಂದಳು. ಬಂದ ಮೇಲೆ ಎಲ್ಲಿಯೂ ಇರಲಿಕ್ಕೆ ಖೋಲಿ ಸಿಗಲಿಲ್ಲ. ಊರು ಯಾವುದು ಎಂದು ಕೇಳಿದ ಮೇಲೆ ಕೇಳುವ ಎರಡನೆಯ ಪ್ರಶ್ನೆಗೇ ಬಾಗಿಲು ಮುಚ್ಚುತ್ತಿದ್ದವು.

ನಾನು ಅವಳನ್ನು ತಾರಾಬಾಯಿ ಎಂದು ಕರೆದೆ. ಅವ್ವ ಕಾಳು ಆರಿಸುತ್ತಿದ್ದವಳು ತಲೆ ಎತ್ತಿ, "ಚಿಗವ್ವ ಅನ್ನು" ಎಂದಳು. ಅಷ್ಟೇ. ಆವತ್ತಿನಿಂದ ಅವಳು ನನಗೆ ತಾಯಿಯ ತಂಗಿಯಾದಳು.

ಚಿಗವ್ವ ಬಂದ ಮೇಲೆ ಮನೆಯ ಸದ್ದೇ ಬೇರೆಯಾಯಿತು. ಬೆಳಗಿನ ಜಾವ ಅವಳು ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಿದ್ದರೆ ಪಡಸಾಲೆಯಲ್ಲಿ ಮಲಗಿದ್ದ ನನಗೆ ದೂರದಲ್ಲಿ ಯಾರೋ ನಿಲ್ಲದೆ ಚಪ್ಪಾಳೆ ಹೊಡೆಯುತ್ತಿರುವಂತೆ ಕೇಳಿಸುತ್ತಿತ್ತು. ಹಂಚಿನ ಮೇಲೆ ನೀರು ಸವರಿದಾಗ ಸುಯ್ಯೆನ್ನುವುದು, ಕೆಂಡದ ಮುಂದೆ ನಿಲ್ಲಿಸಿದ ರೊಟ್ಟಿ ಉಬ್ಬಿ ಹೊಟ್ಟೆ ಬಿಡುವುದು, ಸುಟ್ಟ ಜೋಳದ ಸಿಹಿ ವಾಸನೆ. ಹಾಳೆಯಂಥ ತೆಳು ರೊಟ್ಟಿ. ಬಡಿಯುತ್ತ ಬಡಿಯುತ್ತ ಅವಳು ಟ್ರೇನಿಂಗಿನ ಪಾಠ ಬಾಯಿಪಾಠ ಮಾಡುತ್ತಿದ್ದಳು. ಪರಾತದ ಒಣಹಿಟ್ಟಿನ ಮೇಲೆ ಬೆರಳಿನಿಂದ ಮೈಸೂರು ರಾಜ್ಯದ ನಕಾಶೆ ಬರೆದು, ಕೃಷ್ಣಾ ಎಲ್ಲಿ ಹರಿಯುತ್ತಾಳೆ, ಭೀಮಾ ಎಲ್ಲಿ ಕೂಡುತ್ತಾಳೆ ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಉತ್ತರ ಹೇಳಿದ ಮೇಲೆ ಆ ನದಿಗಳನ್ನೆಲ್ಲ ಸವರಿ ಮುಂದಿನ ರೊಟ್ಟಿಗೆ ಎಳೆದುಕೊಳ್ಳುತ್ತಿದ್ದಳು. ಅವ್ವ ಒಲೆಯ ಆ ಬದಿಗೆ ಕುಳಿತು, ಕೇಳದವಳಂತೆ ಕೇಳುತ್ತ, ನಾನು ತಪ್ಪಿದಲ್ಲಿ ತಾನು ಸರಿಯಾಗಿ ಹೇಳಿಬಿಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಗಂಡಸರಿಲ್ಲದ ಆ ಮನೆಯಲ್ಲಿ ನಗುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಜಗಲಿಯಲ್ಲಿ ನಮ್ಮ ದೇವರುಗಳು, ಎದುರು ಗೋಡೆಯಲ್ಲಿ ಚಿಗವ್ವ ತೂಗುಹಾಕಿದ ಬುದ್ಧನ ಸಣ್ಣ ಪಟ. ಅವ್ವ ದೀಪ ಹಚ್ಚುವಾಗ ಎರಡೂ ಕಡೆ ಹಚ್ಚುತ್ತಿದ್ದಳು.

ಖಾನಾವಳಿಗೆ ಜನ ಹೆಚ್ಚಿದರು. ರೊಟ್ಟಿಯ ಸುದ್ದಿ ಕಾಲೇಜಿನ ತನಕ ಹೋಯಿತು. ಆದರೆ ಒಂದು ದಿನ ಟಿಕೋಟಾದ ಕಾಳುಕಡಿ ವ್ಯಾಪಾರಿಯೊಬ್ಬ ಕೋರ್ಟಿನ ಕೆಲಸಕ್ಕೆ ಬಂದವನು ಊಟಕ್ಕೆ ಕುಳಿತ. ಎರಡನೆಯ ರೊಟ್ಟಿ ಮುರಿಯುವಾಗ ಅಡುಗೆಮನೆಯ ಬಾಗಿಲಲ್ಲಿ ಚಿಗವ್ವನ ಮುಖ ಕಂಡಿತು. ಅವನು ಅವಳ ಅಪ್ಪನ ಹೆಸರು ಹಿಡಿದು, ನೀನು ಅವನ ಮಗಳಲ್ಲವೇ ಎಂದು ಕೇಳಿದ. ಅವಳು ಹೌದು ಎಂದಳು. ಅವನು ತಾಟಿನಲ್ಲೇ ಕೈ ತೊಳೆದು ಎದ್ದ. ಪಕ್ಕದಲ್ಲಿ ಕುಳಿತವರಿಗೆ ಏನು ಹೇಳಬೇಕೋ ಹೇಳಿದ. ಒಬ್ಬೊಬ್ಬರಾಗಿ ಎದ್ದರು. ಮರುದಿನ ಹನ್ನೆರಡು ಬಡಿದರೂ ಚಾಪೆಗಳ ಮೇಲೆ ಒಬ್ಬರೂ ಇರಲಿಲ್ಲ, ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್‌ಮನ್ ಲಾಲಸಾಹೇಬ ಒಬ್ಬರನ್ನು ಬಿಟ್ಟು. ಅವರು ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಎಂದಿನಂತೆ ಎರಡು ಉಳ್ಳಾಗಡ್ಡಿ ಕೇಳಿ, ಎಂದಿನಂತೆ ಡ್ಯೂಟಿಗೆ ಹೋದರು. ಬುಟ್ಟಿಯ ತುಂಬ ರೊಟ್ಟಿ ಉಳಿಯಿತು. ಅದನ್ನು ನಾವು ಮೂವರು ಕಟಕಟ ಒಣಗುವ ತನಕ ತಿಂದೆವು, ಓಣಿಯ ದನಗಳೂ ತಿಂದವು. ಆ ವಾರ ನನಗೆ ಈಗಲೂ ನೆನಪಿದೆ. ರೊಟ್ಟಿ ಬಡಿಯುವ ಸದ್ದು ಇತ್ತು, ನಗೆ ಇರಲಿಲ್ಲ.

ಸುದ್ದಿ ಬಬಲೇಶ್ವರ ಮುಟ್ಟಿತು. ಕಲ್ಲಪ್ಪ ಮಾಮಾ ಬಂದರು, ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕುಳಿತರು. ಅವರು ಕೆಟ್ಟವರಾಗಿರಲಿಲ್ಲ. ನನಗೆ ಕಬ್ಬಿನ ತುಂಡು ತಂದಿದ್ದರು. ಬೇಕಾದಷ್ಟು ಜೋಳ ಕಳಿಸುತ್ತೇನೆ, ಅಡುಗೆಗೆ ನಮ್ಮವರಲ್ಲೇ ಒಬ್ಬ ಮುದುಕಿಯನ್ನು ಗೊತ್ತು ಮಾಡಿಕೊಡುತ್ತೇನೆ, ಅವಳೊಬ್ಬಳನ್ನು ಕಳಿಸಿಬಿಡು, ಊರಲ್ಲಿ ಮುಖ ಎತ್ತಿ ನಡೆಯಲಿಕ್ಕಾಗುತ್ತಿಲ್ಲ ಎಂದು ಬಹಳ ಹೊತ್ತು ಹೇಳಿದರು. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಪೂರ್ತಿ ಕೇಳಿದಳು.

"ಅಣ್ಣಾ," ಅಂದಳು, "ಈ ಮನ್ಯಾಗ ನಾ ಒಬ್ಬಾಕಿನ ಇದ್ದಾಗ ಸಾಮಾನು ಒಯ್ಯಾಕ ಒಮ್ಮೆ ಬಂದಿ. ಈಗ ಇಕಿನ್ನ ಕಳಸಾಕ ಬಂದಿ. ನನ್ನ ಜೋಡಿ ಕುಂತು ಹಿಟ್ಟು ನಾದಾಕ ಬಂದಾಕಿ ಇಕಿ ಒಬ್ಬಾಕೇ."

"ಹಂಗಾದ್ರ ತವರು ಅನ್ನೂದು ಮರತುಬಿಡು," ಎಂದು ಮಾಮಾ ಎದ್ದರು. ಆ ವರ್ಷ ನಾಗರಪಂಚಮಿಗೆ ನಮ್ಮನ್ನು ಕರೆಯಲು ಯಾರೂ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಹೊಸ ಸೀರೆ ಉಟ್ಟು ಅಣ್ಣತಮ್ಮಂದಿರ ಜೊತೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಾಗ ಅವ್ವ ಬಾಗಿಲು ಮುಂದೆ ಮಾಡಿಕೊಂಡು ಎಳ್ಳುಂಡಿ ಕಟ್ಟಿದಳು. ಬೇವಿನ ಮರಕ್ಕೆ ತಾನೇ ಹಗ್ಗ ಬಿಗಿದು ನನಗೆ ಜೋಕಾಲಿ ಕಟ್ಟಿಕೊಟ್ಟಳು.

ಆದರೆ ಮಾಮಾ ಆಡಿದ್ದನ್ನೆಲ್ಲ ಚಿಗವ್ವ ಒಳಗಿನಿಂದ ಕೇಳಿದ್ದಳು. ಪಂಚಮಿ ಮುಗಿದ ಮಾರನೆಯ ದಿನ, ಅವ್ವ ಸಂತೆಗೆ ಹೋದಾಗ, ಟ್ರಂಕು ತೆಗೆದುಕೊಂಡು ಟಿಕೋಟಾಕ್ಕೆ ಹೊರಟುಹೋದಳು. ಹೋಗುವಾಗ ನನ್ನ ತಲೆ ಬಾಚಿ ಹೋದಳು. ಟ್ರೇನಿಂಗಿನ ಪರೀಕ್ಷೆ ಇನ್ನೂ ಬಾಕಿ ಇತ್ತು. ಅವ್ವ ಸಂತೆಯ ಚೀಲ ಇಳಿಸಿದವಳು ಗೋಡೆಯ ಮೇಲೆ ಬುದ್ಧನ ಪಟವಿದ್ದ ಜಾಗ ನೋಡಿದಳು. ಮೊಳೆ ಮಾತ್ರ ಉಳಿದಿತ್ತು. ಮರುದಿನ ಬೆಳಿಗ್ಗೆ ಖಾನಾವಳಿಗೆ ಕೀಲಿ ಹಾಕಿ, ನನ್ನ ಕೈ ಹಿಡಿದು ಟಿಕೋಟಾದ ಬಸ್ಸು ಹತ್ತಿದಳು.

ಟಿಕೋಟಾದ ಬಸ್ಸಿಳಿದು ನಾವು ಅಂಗಡಿ ಸಾಲಿನ ನಡುವೆಯೇ ನಡೆದೆವು. ಅವ್ವ ಎಲ್ಲರೆದುರು ನಿಂತು ತಾರಾಳ ಅಪ್ಪನ ಮನೆಯ ದಾರಿ ಕೇಳಿದಳು. ದಾರಿ ತೋರಿಸಿದವರು ನಮ್ಮ ಬೆನ್ನನ್ನೇ ನೋಡುತ್ತ ನಿಂತರು. ಮನೆ ಸಣ್ಣದು, ಬೆಳ್ಳಗೆ ಸುಣ್ಣ ಬಳಿದದ್ದು. ಕಟ್ಟೆಯ ಮೇಲೆ ಹಳೆಯ ಕರಿ ಕೋಟು ತೊಟ್ಟ ಮುದುಕರು ಪತ್ರಿಕೆ ಓದುತ್ತ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು, ಎಲ್ಲಿ ಕೂಡಿಸಬೇಕೆಂದು ತಿಳಿಯದೆ ಗಲಿಬಿಲಿಗೊಂಡರು.

"ನೀವು ಇಲ್ಲಿ ಬಂದಿದ್ದು ಊರ ಮಂದಿ ನೋಡ್ಯಾರ, ತಾಯಿ," ಎಂದರು ಮೆಲ್ಲಗೆ.

"ನೋಡ್ಲಿ ಅಂತನ ಹಗಲಿನ್ಯಾಗ ಬಂದೇನ್ರಿ," ಅಂದಳು ಅವ್ವ. ಆಮೇಲೆ ಕಟ್ಟೆಯ ಮೇಲೆ, ಬೀದಿಗೆ ಮುಖ ಮಾಡಿ ಕುಳಿತು, "ಹಸದು ಬಂದೇವ್ರಿ. ಉಣ್ಣಾಕ ಹಾಕ್ರಿ" ಎಂದಳು.

ಚಿಗವ್ವ ಒಳಗಿನಿಂದ ಬಂದಳು. ಅವಳ ಕಣ್ಣು ಕೆಂಪಗಿದ್ದವು, ಮುಖ ಸಿಟ್ಟಿನದು. ತಾಟು ತಂದು ಇಡುತ್ತ, ನಿನ್ನ ಹೊಟ್ಟೆಯ ಮೇಲೆ ನಾನು ಯಾಕೆ ಕಾಲಿಡಲಿ, ನಿನ್ನ ಕರುಣೆ ನನಗೆ ಬೇಡ ಎಂದಳು. ಅವ್ವ ಒಂದು ತುತ್ತು ನನಗೆ ತಿನ್ನಿಸಿ, ಒಂದು ತಾನು ತಿಂದು, ಅವಸರವಿಲ್ಲದೆ ಉತ್ತರ ಕೊಟ್ಟಳು.

"ಕರುಣಾ ಮಾಡಾಕ ನಾ ಯಾರ ಬೇ? ನನಗ ಖಾನಾವಳಿ ನಡಸೂದದ, ನಿನ್ನಂಥಾ ರೊಟ್ಟಿ ಮತ್ತ ಯಾರಿಗೂ ಬರೂದಿಲ್ಲ. ನಿನಗ ಸಾಲಿ ಕಲಸೂದದ. ಇಬ್ಬರ್ದೂ ಅರ್ಧಕ್ಕ ನಿಂತದ. ನೀ ಬರೂದಿಲ್ಲಂದ್ರ ನಾನೂ ಇಲ್ಲೇ ಕುಂಡರ್ತೇನಿ."

ಮುದುಕರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಪತ್ರಿಕೆಯ ಮರೆಗೆ ಹೋದರು. ಚಿಗವ್ವ ಅವ್ವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಒಳಗೆ ಹೋಗಿ ಟ್ರಂಕು ತಂದಳು. ಸಂಜೆಯ ಬಸ್ಸಿನಲ್ಲಿ ನಾನು ಇಬ್ಬರ ನಡುವೆ ಕುಳಿತಿದ್ದೆ. ದಾರಿಯ ಎರಡೂ ಬದಿ ಸಜ್ಜೆಯ ಹೊಲಗಳಲ್ಲಿ ತೆನೆ ಬಿಡುವ ಹೊತ್ತು, ಕಿಟಕಿಯಿಂದ ಹಸಿ ವಾಸನೆ ಒಳಗೆ ಬರುತ್ತಿತ್ತು. ನಾನು ಚಿಗವ್ವನ ತೊಡೆಯ ಮೇಲೆ ನಿದ್ದೆ ಹೋದೆ.

ಮರುದಿನ ಬೆಳಿಗ್ಗೆ ಅವ್ವ ಮಾಡಿದ ಕೆಲಸವನ್ನು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ಅವಳು ಅಡುಗೆಮನೆಯ ರೊಟ್ಟಿ ಒಲೆಯನ್ನು ಒಡೆದು, ಮಣ್ಣು ಕಲಸಿ, ಪಡಸಾಲೆಯಲ್ಲಿ, ಬೀದಿಯ ಬಾಗಿಲಿಗೆ ಎದುರಾಗಿ ಹೊಸ ಒಲೆ ಹಾಕಿದಳು. ಯಾರೇ ಹೊಸ್ತಿಲು ದಾಟಿದರೂ ಮೊದಲು ಕಾಣುವುದು ರೊಟ್ಟಿ ಬಡಿಯುವವಳ ಮುಖ. ಚಿಗವ್ವನೇ ಮೊದಲು ಹಿಂಜರಿದಳು. ಅವ್ವ ಹಸಿ ಮಣ್ಣಿನ ಮೇಲೆ ಅಂಗೈ ಸವರುತ್ತ, "ಮುಚ್ಚಿ ಮಾಡಿದ್ರ ಕಳವು ಅನ್ನಿಸ್ತದ. ನಾವೇನು ಕಳವು ಮಾಡಾಕತ್ತಿಲ್ಲ" ಎಂದಳು. ಒಲೆ ಒಣಗಿ, ಹಂಚು ಏರಿತು. ಚಿಗವ್ವ ಬೆನ್ನು ನೆಟ್ಟಗೆ ಮಾಡಿ ಕುಳಿತು ಬಡಿಯತೊಡಗಿದಳು. ಆ ಸದ್ದು ಈಗ ಬೀದಿಗೇ ಕೇಳುತ್ತಿತ್ತು.

ಜನ ಮನಸ್ಸು ಬದಲಿಸಿದರು ಎಂದು ನಾನು ಹೇಳಲಾರೆ. ಹಸಿವು ತನ್ನ ಕೆಲಸ ಮಾಡಿತು. ಮೊದಲು ಬಂದವನು ಮಮದಾಪುರದ ಸಿದ್ದಪ್ಪ ಎಂಬ ಕಾಲೇಜು ಹುಡುಗ. ಬೀದಿಯಲ್ಲಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಅಡ್ಡಾಡಿ, ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಬೇರೆ ಕಡೆಯ ರೊಟ್ಟಿ ನುಂಗಲಿಕ್ಕಾಗುತ್ತಿಲ್ಲ ಎಂದು ತಲೆ ತಗ್ಗಿಸಿದ. ಚಿಗವ್ವ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಎಸೆದ ರೀತಿಯಲ್ಲಿ ಸಿಟ್ಟೂ ಇತ್ತು, ಪ್ರೀತಿಯೂ ಇತ್ತು. ಅವನ ಹಿಂದೆ ಅವನ ಗೆಳೆಯರು ಬಂದರು. ಲಾಲಸಾಹೇಬರು ಸ್ಟೇಷನ್ನಿನಿಂದ ಹಳಿ ರಿಪೇರಿಯ ಗ್ಯಾಂಗಿನ ಆಳುಗಳನ್ನು ಕರೆತಂದರು. ಚಿಗವ್ವನ ಕೇರಿಯವರು ಬಿಜಾಪುರಕ್ಕೆ ಬಂದಾಗ ಬಂದು, ಎಲ್ಲರ ಸಾಲಿನಲ್ಲಿ ಕುಳಿತು ಉಣ್ಣತೊಡಗಿದರು. ಆಗ ಮತ್ತೆ ಕೆಲವರು ಬಿಟ್ಟುಹೋದರು. ಹೋದವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಎಂದೂ ಬರಲಿಲ್ಲ. ಅವ್ವ ಎರಡೂ ಬಗೆಯವರ ಮಾತೆತ್ತುತ್ತಿರಲಿಲ್ಲ. ಬಂದವರಿಗೆ ಪಲ್ಯ ಬಡಿಸುತ್ತಿದ್ದಳು.

ಚಿಗವ್ವ ಟ್ರೇನಿಂಗ್ ಮುಗಿಸಿದಳು. ಮೊದಲ ನೌಕರಿ ಬಿಜ್ಜರಗಿಯಲ್ಲಿ ಸಿಕ್ಕಿತು. ಅಲ್ಲಿ ಇರಲಿಕ್ಕೆ ಮನೆ ಕೊಡಲಿಲ್ಲ, ಶಾಲೆಯ ನೀರಿನ ಕೊಡ ಮುಟ್ಟಗೊಡಲಿಲ್ಲ. ಅವಳು ನಸುಕಿನಲ್ಲಿ ಎದ್ದು ಬುಟ್ಟಿ ತುಂಬ ರೊಟ್ಟಿ ಬಡಿದಿಟ್ಟು, ಕೈ ತೊಳೆದು, ಬಿಳಿ ಸೀರೆ ಉಟ್ಟು, ತಂಬಿಗೆಯಲ್ಲಿ ತನ್ನ ನೀರು ತೆಗೆದುಕೊಂಡು ಮೊದಲ ಬಸ್ಸಿಗೆ ಹೋಗುತ್ತಿದ್ದಳು. ಆಡು ಕುರಿ ಮೇಯಿಸಲು ಹೋಗುತ್ತಿದ್ದ ಹುಡುಗಿಯರನ್ನು ಹುಡುಕಿಕೊಂಡು ಹೊಲಕ್ಕೇ ಹೋಗಿ, ಅಲ್ಲೇ ನೆಲದ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ಸಂಜೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಇವತ್ತು ಒಬ್ಬಾಕಿ ತನ್ನ ಹೆಸರು ತಾನೇ ಬರೆದಳು ಎಂದು ಹೇಳುವಾಗ ಅವ್ವ ಒಲೆಯ ಮುಂದೆ ಕೈ ನಿಲ್ಲಿಸಿ ಕೇಳುತ್ತಿದ್ದಳು, ತನ್ನದೇ ಹೆಸರನ್ನು ಯಾರೋ ಬರೆದ ಹಾಗೆ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ, ಸಂಜೆಯ ಬಸ್ಸು ಹೊರಡಲು ಹಾರ್ನ್ ಹೊಡೆದರೆ ಬಿಜ್ಜರಗಿಯ ಹೆಂಗಸರೇ ಡ್ರೈವರನಿಗೆ, ಅಕ್ಕೋರು ಇನ್ನ ಬಂದಿಲ್ಲ, ನಿಂದ್ರಸು ಎಂದು, ಶಿಕ್ಷಕಿಯನ್ನು ಮರ್ಯಾದೆಯಿಂದ ಕರೆಯುವ ಹೆಸರಿನಿಂದಲೇ ಹೇಳುತ್ತಿದ್ದರಂತೆ. ಇದನ್ನು ಅವಳು ಹೇಳಿದ್ದು ಒಂದೇ ಸಲ. ಹೇಳಿ ಎದ್ದು ಹೋಗಿ ಬಹಳ ಹೊತ್ತು ಅಂಗಳದಲ್ಲಿ ಮುಖ ತೊಳೆದಳು.

ಆಮೇಲೆ ರೇಷನ್ನಿನ ಕಾಲ ಬಂತು. ಸಂತೆಯಲ್ಲಿ ಬಿಳಿ ಜೋಳ ಕಣ್ಣಿಗೆ ಬೀಳದಂತಾಯಿತು. ಪರದೇಶದಿಂದ ಹಡಗಿನಲ್ಲಿ ಬಂದ ಕೆಂಪು ಜೋಳ ಕೊಡುತ್ತಿದ್ದರು. ಅದರ ಹಿಟ್ಟಿಗೆ ಜಿಗಿಯೇ ಇರಲಿಲ್ಲ, ಬಡಿದರೆ ಅಂಚು ಹರಿದು ಕೈಗೇ ಬರುತ್ತಿತ್ತು. ಬಿಜಾಪುರದ ಎಷ್ಟೋ ಖಾನಾವಳಿಗಳು ಆಗ ಮುಚ್ಚಿದವು. ನಮ್ಮಲ್ಲಿ ಇಬ್ಬರೂ ರವಿವಾರವಿಡೀ ಕುಳಿತು ಪ್ರಯೋಗ ಮಾಡಿದರು. ಬಿಸಿ ನೀರು, ಇನ್ನೂ ಬಿಸಿ ನೀರು, ಸ್ವಲ್ಪ ಗೋಧಿ ಹಿಟ್ಟು, ಗಂಜಿ ಹಾಕಿ ನಾದುವುದು. ಹರಿದ ರೊಟ್ಟಿಗಳ ಗುಡ್ಡೆಯಾಯಿತು. ಕತ್ತಲಾಗುವ ಹೊತ್ತಿಗೆ ಒಂದು ರೊಟ್ಟಿ ಹರಿಯದೆ ಹಂಚಿಗೆ ಹೋಯಿತು. ಇಬ್ಬರೂ ಅದನ್ನು ಬಗ್ಗಿ ನೋಡಿದರು. ಅದು ಉಬ್ಬಿತು. ಚಿಗವ್ವ ಅದನ್ನು ಮೂರು ಪಾಲು ಮಾಡಿ ಹಿಂಡಿ ಹಚ್ಚಿ ಕೊಟ್ಟಳು. ರುಚಿ ಏನೂ ಚೆನ್ನಾಗಿರಲಿಲ್ಲ. ಆದರೆ ಅಷ್ಟು ಹೆಮ್ಮೆಯಿಂದ ತಿಂದ ರೊಟ್ಟಿ ಮತ್ತೊಂದಿಲ್ಲ. ಆ ವರ್ಷಗಳಲ್ಲಿ ನಮ್ಮ ಚಾಪೆಗಳ ಮೇಲೆ ಜಾಗ ಸಿಗದೆ ಜನ ಬೇವಿನ ಮರದ ಕೆಳಗೂ ಕುಳಿತು ಉಂಡರು.

ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಅವ್ವನ ಕಿವಿಯ ಹಿಂದೆ ಕೂದಲು ನರೆತಿತ್ತು. ಚಿಗವ್ವನಿಗೆ ಕನ್ನಡಕ ಬಂದಿತ್ತು. ಅವಳಿಗೆ ಟಿಕೋಟಾದ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಎಂದು ಬಡ್ತಿಯಾಗಿತ್ತು. ಯಾವ ಅಂಗಡಿ ಸಾಲಿನ ನಡುವೆ ಅವ್ವ ದಾರಿ ಕೇಳುತ್ತ ನಡೆದಿದ್ದಳೋ ಅದರ ನಡುವೆಯೇ ಚಿಗವ್ವ ಕೊಡೆ ಹಿಡಿದು ನಡೆಯುತ್ತಿದ್ದಳು. ಅಂಗಡಿಯವರು ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು. ಶನಿವಾರ ಸಂಜೆ ಬಿಜಾಪುರಕ್ಕೆ ಬಂದರೆ ರವಿವಾರ ಬೆಳಿಗ್ಗೆ ಒಲೆಯ ಮುಂದೆ ಅವಳದೇ ಜಾಗ. ಅಂಥ ಒಂದು ರವಿವಾರ ಕಲ್ಲಪ್ಪ ಮಾಮಾ ಬಂದರು. ಎಷ್ಟೋ ವರ್ಷಗಳ ಮೇಲೆ ನೋಡಿದ್ದರಿಂದ ನನಗೆ ಮೊದಲು ಗುರುತೇ ಹತ್ತಲಿಲ್ಲ. ಹಿಂದೆ ಅವರ ಮಗಳು, ಹನ್ನೆರಡು ಹದಿಮೂರರ ಶಿವಲೀಲಾ, ಹೊಸ ಲಂಗದ ಅಂಚು ತಿರುವುತ್ತ ನಿಂತಿದ್ದಳು. ಊರಲ್ಲಿ ಏಳನೆಯ ಇಯತ್ತೆಯಾಗಿತ್ತು. ಮುಂದೆ ಕಲಿಯುತ್ತೇನೆ ಎಂದು ಹಟ ಹಿಡಿದು ಊಟ ಬಿಟ್ಟಿದ್ದಳಂತೆ.

ಅವ್ವ ಬಾಗಿಲಿಗೆ ಬಂದು ಅಣ್ಣನನ್ನು ನೋಡಿ ಪಕ್ಕಕ್ಕೆ ಸರಿದಳು. ಮಾಮಾ ಹೊಸ್ತಿಲ ಒಳಗೆ ಒಂದು ಹೆಜ್ಜೆ ಇಟ್ಟರು. ಎದುರಿಗೇ ಒಲೆ, ಒಲೆಯ ಮುಂದೆ ಚಿಗವ್ವ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಮಾಮಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಅವ್ವನಿಗಲ್ಲ, ಅವಳಿಗೆ ಹೇಳಿದರು:

"ಅಕ್ಕೋರ, ಈ ಹುಡುಗೀನ್ನ ನಿಮ್ಮ ಕೈಯಾಗ ಕೊಡಾಕ ಬಂದೇನ್ರಿ. ನಿಮ್ಮಂಗ ಮಾಡ್ರಿ."

ಚಿಗವ್ವನ ಕೈ ಆಗ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂದರೂ ಯಾರೂ ತೆಗೆಯಲಿಲ್ಲ. ಅವಳು ಶಿವಲೀಲಾಳನ್ನು ಹತ್ತಿರ ಕರೆದು, ನಿನ್ನ ಪುಸ್ತಕ ತಂದಿದ್ದೀಯಾ ಎಂದು ಕೇಳಿದಳು. ಮಾಮಾ ಆವತ್ತು ಊಟ ಮಾಡಲಿಲ್ಲ, ಆಮೇಲೆಯೂ ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಚಿಗವ್ವ ಕೊಟ್ಟ ನೀರು ಕುಡಿದರು. ಅವ್ವ ಅದನ್ನು ಸಾಕು ಎಂದುಕೊಂಡಳೋ ಕಡಿಮೆ ಎಂದುಕೊಂಡಳೋ ನನಗೆ ಗೊತ್ತಿಲ್ಲ. ಆ ವರ್ಷ ಪಂಚಮಿಗೆ ಗಾಡಿ ಬಂತು. ಅವ್ವ, ತಾರಾಳನ್ನೂ ಕರೆದರೆ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಮರುವರ್ಷ ಇಬ್ಬರನ್ನೂ ಕರೆದರು. ಶಿವಲೀಲಾ ಮುಂದೆ ನರ್ಸಾಗಿ ಊರೂರು ತಿರುಗಿದಳು. ಈಗ ಅವಳಿಗೂ ಮೊಮ್ಮಕ್ಕಳು.

ಆ ಮನೆ ಈಗ ಇಲ್ಲ. ರಸ್ತೆ ಅಗಲವಾಗುವಾಗ ಪಡಸಾಲೆ ಹೋಯಿತು, ಉಳಿದದ್ದನ್ನು ಕೊಂಡವರು ಕೆಡವಿ ಅಂಗಡಿ ಕಟ್ಟಿದರು. ಬೇವಿನ ಮರ ಯಾವಾಗ ಹೋಯಿತೋ ನಾನು ನೋಡಲಿಲ್ಲ. ಅವ್ವ ಖಾನಾವಳಿ ನಡೆಸುವ ಶಕ್ತಿ ಇರುವ ತನಕ ನಡೆಸಿ, ದೂರದೂರಿನ ನನ್ನ ಮನೆಯಲ್ಲಿ ತೀರಿಕೊಂಡಳು. ನಮ್ಮ ಕಡೆ ಸಾವಿನ ಮನೆಗೆ ಹತ್ತಿರದವರು ಬುತ್ತಿ ತರುತ್ತಾರೆ, ಒಲೆ ಹಚ್ಚದ ಮನೆಯವರು ಉಣ್ಣಲೆಂದು. ತವರಿನ ಬುತ್ತಿ ತರಲು ಮಾಮಾ ಆಗ ಇರಲಿಲ್ಲ. ಟಿಕೋಟಾದಿಂದ ಬಸ್ಸು ಬದಲಿಸಿ ಬದಲಿಸಿ, ಕೋಲೂರಿಕೊಂಡು, ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಹೊತ್ತು ಚಿಗವ್ವ ಬಂದಳು. ನನ್ನನ್ನು ಎದುರಿಗೆ ಕೂಡಿಸಿಕೊಂಡು, ಅಳಗೊಡದೆ, ಕೈಯಾರೆ ಉಣ್ಣಿಸಿದಳು. ಮುಂದೆ ಕೆಲವು ವರ್ಷಗಳಲ್ಲಿ ಅವಳೂ ಹೋದಳು. ಅವಳ ಮಣ್ಣಿಗೆ ಬಿಜ್ಜರಗಿಯಿಂದ, ಟಿಕೋಟಾದಿಂದ ಬಂದ ಹೆಂಗಸರನ್ನು ನೋಡಿ ನಾನು ಒಬ್ಬಳೇ ಮಗಳಲ್ಲ ಎಂದು ತಿಳಿದುಕೊಂಡೆ.

ಅವರಿಬ್ಬರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ನಾನು ಹೆಚ್ಚಿನ ಓದಿಗೆಂದು ಧಾರವಾಡಕ್ಕೆ ಹೊರಟ ಬೆಳಗು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಗದಗಿನ ಗಾಡಿ ಬಿಜಾಪುರ ಸ್ಟೇಷನ್ನಿನಲ್ಲಿ ನಿಂತಿತ್ತು. ಇಬ್ಬರೂ ಕಿಟಕಿಯ ಹೊರಗೆ ನಿಂತು, ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತ ನನಗೆ ಬುದ್ಧಿ ಹೇಳುತ್ತಿದ್ದರು. ಹಾಸಿಗೆಯ ಸುರುಳಿ ಜ್ವಾಕಿ, ಎಣ್ಣೆ ಸ್ನಾನ ಬಿಡಬೇಡ, ಯಾರಾದರೂ ಹಿಂದೆ ಕೂರು ಅಂದರೆ ಮುಂದೆ ಹೋಗಿ ಕೂರು. ಸೀಟಿ ಊದಿತು. ಗಾಡಿ ಮೆಲ್ಲಗೆ ಜಗ್ಗಿತು. ನಾನು ಅಳುತ್ತ ಕೈ ಬೀಸಿದೆ. ಅವರೂ ಬೀಸಿದರು. ಆದರೆ ಊಟದ ಹೊತ್ತಾಗುತ್ತಿತ್ತು, ಹಿಟ್ಟು ಇನ್ನೂ ನಾದಿರಲಿಲ್ಲ, ಗಾಡಿ ಕಣ್ಮರೆಯಾಗುವ ತನಕ ನಿಲ್ಲುವ ಪುರಸೊತ್ತು ಅವರಿಗಿರಲಿಲ್ಲ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಾಗ ಇಬ್ಬರೂ ಬೆನ್ನು ತಿರುಗಿಸಿ ಬಿರಬಿರನೆ ನಡೆಯುತ್ತಿದ್ದರು, ಒಬ್ಬಳು ಎತ್ತರ, ಒಬ್ಬಳು ಕುಳ್ಳು. ಅವ್ವ ಏನೋ ಹೇಳಿದಳು. ಚಿಗವ್ವ ತಲೆ ಹಿಂದಕ್ಕೆ ಹಾಕಿ ನಕ್ಕಳು. ಏನು ಹೇಳಿದಳೋ, ಅಷ್ಟು ದೂರಕ್ಕೆ ಕೇಳಿಸಲಿಲ್ಲ.